ಉತ್ತರ ಗೊತ್ತಿಲ್ಲದ ಕಾಲು

ಹೊಳೆಯ ದಂಡೆಯಲ್ಲಿ ಪಂಪಯ್ಯ ಮಾಸ್ತರರ ಚಪ್ಪರವಿತ್ತು. ಅದರ ಕೆಳಗೆ ಮಣ್ಣಿನ ಮನುಷ್ಯರು. ಒಬ್ಬಳು ಕೊಡ ಇಳಿಸಿ ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಾಳೆ. ಒಬ್ಬ ಚಪ್ಪಲಿ ಮೆಟ್ಟಿ ಹೊರಟವನು, ಯಾಕೆ ಹೊರಟೆ ಎನ್ನುವುದನ್ನೇ ಮರೆತು ನಿಂತಿದ್ದಾನೆ.

ಮಾಸ್ತರರು ಊರ ಶಾಲೆಯಲ್ಲಿ ಲೆಕ್ಕ ಕಲಿಸಿ ಕಲಿಸಿ ತಲೆ ಬೆಳ್ಳಗೆ ಮಾಡಿಕೊಂಡವರು. ಒಂದು ದಿನ ಸೀಮೆಸುಣ್ಣ ಕೆಳಗಿಟ್ಟು ಬಂದು ಮಣ್ಣು ಹಿಡಿದರು. ಆಮೇಲೆ ಶಾಲೆಯನ್ನು ಮರೆತೇಬಿಟ್ಟರು ಎಂದು ಜನ ಹೇಳುತ್ತಾರೆ. ಜನಕ್ಕೇನು, ಹೇಳುತ್ತಾರೆ.

ಶಿಷ್ಯ ಹುಲಿಗೇಶ ಒಮ್ಮೆ ಕೇಳಿದ್ದ. “ಮಾಸ್ತರ್, ಲೆಕ್ಕ ಹೇಳ್ತಿದ್ದ ನೀವು ಮೂರ್ತಿ ಮಾಡೋದು ಯಾರ ಹತ್ರ ಕಲಿತ್ರಿ?”

“ಲೆಕ್ಕ ಬರದ ಹುಡುಗರ ಹತ್ರ.”

“ಅಂದ್ರ?”

“ಬೋರ್ಡಿಗೆ ಕರೀತಿದ್ದೆ. ಉತ್ತರ ಗೊತ್ತಿದ್ದವರು ಎಲ್ಲಾರೂ ಒಂದೇ ಥರ ನಿಲ್ಲೋರು. ಗೊತ್ತಿಲ್ಲದವರು ಒಬ್ಬೊಬ್ಬರು ಒಂದೊಂದು ಥರ. ಒಬ್ಬ ಹೆಬ್ಬೆರಳಿನಿಂದ ನೆಲ ಕೆರೀತಿದ್ದ. ಒಬ್ಬಾಕಿ ಹಿಮ್ಮಡಿ ಎತ್ತತಿದ್ದಳು. ನಾನು ಲೆಕ್ಕ ಬಿಟ್ಟು ಅವರ ಕಾಲು ನೋಡ್ಕೋತ ಕೂಡ್ತಿದ್ದೆ.”

ಮಾಸ್ತರರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಹುಲಿಗೇಶ ನಕ್ಕಿದ್ದ.

ಹುಲಿಗೇಶನ ಅಪ್ಪ ಯಂಕಪ್ಪ ಅಂಬಿಗ. ಬದುಕೆಲ್ಲ ಹರಿಗೋಲಿನಲ್ಲಿ ಜನರನ್ನು ದಾಟಿಸಿ, ಹೋದ ವರ್ಷ ಜ್ವರ ಬಂದು ತೀರಿಕೊಂಡಿದ್ದ. ಅವನ ಮೂರ್ತಿಯೊಂದು ಹೊಳೆಯ ಕಟ್ಟೆಯ ಮೇಲೆ ನಿಲ್ಲಬೇಕು, ಮಗನೇ ಮಾಡಬೇಕು ಎಂದು ಎರಡೂ ದಂಡೆಯ ಜನ ಹೇಳಿದರು.

ಜನ ಏನಂದಾರು ಎಂಬ ಚಿಂತೆ ಹುಲಿಗೇಶನಿಗೆ ಇರಲಿಲ್ಲ. ಅವನಿಗೆ ಬೇಕಾದದ್ದು ಒಂದೇ ಮಾತು. ಅವ್ವ ಬಂದು ನೋಡಿ, ಹೌದು ಇವನೇ ಅನ್ನಬೇಕು. ಗಂಡ ಹೋದಂದಿನಿಂದ ತಿಮ್ಮವ್ವ ಹೊಳೆಯ ಕಡೆ ಮುಖ ಹಾಕಿರಲಿಲ್ಲ, ಮನೆಯಲ್ಲಿ ಮಾತೂ ಕಡಿಮೆಯಾಗಿತ್ತು.

ದೊಡ್ಡ ಮೂರ್ತಿಗೆ ಮೊದಲು ಮೊಳದೆತ್ತರದ ಮಣ್ಣಿನ ಮಾದರಿ. ಮನೆಯಲ್ಲಿದ್ದ ಒಂದೇ ಫೋಟೋ ಮುಂದಿಟ್ಟುಕೊಂಡು ಹುಲಿಗೇಶ ಊಟ ನಿದ್ದೆ ಬಿಟ್ಟು ಕೂತ. ಅದೇ ಮೂಗು, ಹುಬ್ಬಿನ ಮೇಲಿನ ಅದೇ ಗಾಯದ ಗುರುತು. ಎದೆ ಮುಂದೆ ಮಾಡಿ, ಎರಡೂ ಕಾಲು ಗಟ್ಟಿಯಾಗಿ ಊರಿ, ಹರಿಗೋಲಿನ ಹುಟ್ಟನ್ನು ಗದೆಯ ಹಾಗೆ ಹಿಡಿದು ಯಂಕಪ್ಪ ನಿಂತ.

ಮಾಸ್ತರರು ಸುತ್ತ ಒಂದು ಸುತ್ತು ಬಂದರು.

“ಚಂದ ಐತಿ.”

“ಮತ್ತ ಹಂಗ್ಯಾಕ ನೋಡ್ತೀರಿ ಮಾಸ್ತರ್?”

“ಇವನಿಗೆ ಎಲ್ಲಾ ಗೊತ್ತೈತಿ.”

“ನಮ್ಮಪ್ಪಗ ಹೊಳಿ ಬಗ್ಗೆ ಎಲ್ಲಾ ಗೊತ್ತಿತ್ರಿ.”

“ಹೌದಾ? ಹಂಗಾದ್ರ ನಿಮ್ಮವ್ವನ್ನ ಕರಕೊಂಡು ಬಾ.”

ಹುಲಿಗೇಶ ಕಾಡಿ ಬೇಡಿ ಅವ್ವನನ್ನು ಕರೆತಂದ. ತಿಮ್ಮವ್ವ ಸೆರಗು ಸರಿಮಾಡಿಕೊಂಡು ಮೂರ್ತಿಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು.

“ಭಾಳ ಚೊಲೊ ಮಾಡಿಯಪಾ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಯಾರಿವರು?”

ಹುಲಿಗೇಶ ಬೆರಳು ಮಾಡಿ ತೋರಿಸಿದ. “ಅವ್ವಾ, ಅಪ್ಪ! ಮೂಗು ನೋಡು. ಹುಬ್ಬು ನೋಡು.”

“ಮೂಗು ನಿಮ್ಮಪ್ಪಂದೇ ಐತಿ ಬಿಡು.” ತಿಮ್ಮವ್ವನಿಗೆ ಮಗನ ಮನಸ್ಸು ನೋಯಿಸಿದೆನಲ್ಲ ಎಂದು ಸಂಕಟವಾಯಿತು. “ದಿನಾ ಸಂಜಿಗೆ ಇಲ್ಲೇ ಬಂದು, ಆಚಿ ದಂಡಿಯಾಗ ನಿಂತ ನಿಮ್ಮಪ್ಪನ್ನ ನೋಡ್ತಿದ್ದೆ. ಅಷ್ಟು ದೂರದಿಂದ ಮೂಗು ಎಲ್ಲಿ ಕಾಣಬೇಕಪಾ? ಆದ್ರೂ ಎಷ್ಟು ಮಂದಿ ನಡುವ ಇದ್ರೂ ಗುರುತು ಸಿಗತಿತ್ತು.”

“ಹೆಂಗ ಸಿಗತಿತ್ತು?”

“ಹೆಂಗಂತ ಹೇಳ್ಲಿ? ಸಿಗತಿತ್ತು.”

ಹುಲಿಗೇಶ ಮೂರ್ತಿಯ ಮುಂದೆ ಕುಸಿದು ಕೂತ. ಸ್ವಂತ ಅಪ್ಪನನ್ನೇ ಮಾಡಲಾಗದವನು ಇನ್ನು ಯಾರನ್ನು ಮಾಡಿಯಾನು? ಮಣ್ಣು ಕೊಯ್ಯುವ ತಂತಿ ಎತ್ತಿ ಮೂರ್ತಿಯ ಕುತ್ತಿಗೆಗೆ ಹಿಡಿದ.

“ಹುಲಿಗೇಶ!”

ಅದು ಲೆಕ್ಕದ ಮಾಸ್ತರರ ದನಿ. ಊರಲ್ಲಿ ಅದನ್ನು ಕೇಳಿ ವರ್ಷಗಳೇ ಆಗಿದ್ದವು.

“ತಂತಿ ಇಡು. ಎದ್ದು ನಿಲ್ಲು. ಪ್ರಶ್ನೆ ಕೇಳ್ತೀನಿ, ಉತ್ತರ ಹೇಳು.”

ಹುಲಿಗೇಶ ಎದ್ದು ನಿಂತ.

“ನಿಮ್ಮಪ್ಪ ನೀರಿಗೆ ಅಂಜ್ತಿದ್ದನೋ, ಇಲ್ಲೋ?”

ಇಲ್ಲ ಎನ್ನಲು ಹುಲಿಗೇಶ ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿದ. ದಿನಾ ಹರಿಗೋಲು ಹತ್ತುವ ಮುಂಚೆ ಅಪ್ಪ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅದು ಭಕ್ತಿಯೋ, ಭಯವೋ? ಅಪ್ಪ ಇದ್ದಾಗ ಒಂದು ದಿನವೂ ಕೇಳಿರಲಿಲ್ಲ.

ಅವನ ಭಾರವೆಲ್ಲ ಎಡಗಾಲಿಗೆ ಜಾರಿತು. ಬಲಗಾಲು ತಾನಾಗಿ ಮೇಲೆದ್ದು, ಅಂಗಾಲು ಎಡ ಮೀನಖಂಡವನ್ನು ಮೆಲ್ಲಗೆ ತಿಕ್ಕತೊಡಗಿತು. ಹುಲಿಗೇಶನಿಗೆ ಅದರ ಅರಿವೇ ಇರಲಿಲ್ಲ.

“ಅಯ್ಯ ನನ್ನವ್ವಾ!” ತಿಮ್ಮವ್ವ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತಲೇ ಅಳು ಬಂದು ನೆಲಕ್ಕೆ ಕೂತಳು. “ಹಿಂಗ! ನಿಮ್ಮಪ್ಪ ಹಿಂಗೇ ನಿಲ್ತಿದ್ದ. ನೀರು ಏರಿದಾಗ ಹರಿಗೋಲು ಬಿಡ್ಲೋ ಬ್ಯಾಡೋ ಅಂತ ಆಚಿ ದಂಡಿಯಾಗ ಹಿಂಗ ಕಾಲು ತಿಕ್ಕೋತ ನಿಂತಿರ್ತಿದ್ದ.”

ಹುಲಿಗೇಶ ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡಿದ. ಕಣ್ಣು ತುಂಬಿ ಬಂದವು. ಒಂಟಿ ಕಾಲಲ್ಲೇ ನಿಂತು, ತಂತಿಯಿಂದ ಮೂರ್ತಿಯ ಬಲಗಾಲನ್ನು ಕೊಯ್ದು ತೆಗೆದ. ಮಾಸ್ತರರು ಹಸಿ ಮಣ್ಣಿನ ಬುಟ್ಟಿಯನ್ನು ಅವನ ಕೈಗೆ ಸಿಗುವ ಹಾಗೆ ಸರಿಸಿದರು.

ಹೊಸ ಕಾಲು ಮಣ್ಣಿನಲ್ಲಿ ಮೂಡುತ್ತಿತ್ತು. ತಿಮ್ಮವ್ವ ಕಣ್ಣು ಕೀಳದೆ ನೋಡುತ್ತಿದ್ದಳು.

“ಅವ್ವಾ,” ಎಂದ ಹುಲಿಗೇಶ, ತಿರುಗದೆ. “ಅಪ್ಪ ನೀರಿಗೆ ಅಂಜ್ತಿದ್ದನೇನು? ನಿನಗ ಗೊತ್ತಿರಬೇಕಲ್ಲ?”

ತಿಮ್ಮವ್ವನಿಗೆ ಗೊತ್ತಿತ್ತು. ಕಣ್ಣೊರೆಸಿಕೊಂಡು ಹೇಳಲು ಹೊರಟಳು.

ಮಾಸ್ತರರು ಕೈ ಅಡ್ಡ ಹಿಡಿದರು.

“ಈಗ ಹೇಳಬ್ಯಾಡ್ರಿ ತಾಯಿ. ಹೇಳಿದ್ರ ಕಾಲು ಕೆಳಗಿಡ್ತಾನ.”