ದಿಬ್ಬದ ತೆನೆ

“ಅಜ್ಜಾರೇ, ನಾನು ಮಾಡಿದ ತಪ್ಪೇನು?” ಎಂದು ಅಡಿವೆಪ್ಪ ಕೇಳಿದ.

ಮಠದ ಗುರುವನ್ನು ಶಿಷ್ಯರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರಿಗೆ ಎಂಬತ್ತು ದಾಟಿತ್ತು. ಅವರ ನಂತರ ಮಠ ಯಾರಿಗೆ ಎಂದು ಭಕ್ತರು ಕೇಳುತ್ತಲೇ ಇದ್ದರು. ಗುರು ಹೇಳಿರಲಿಲ್ಲ.

ಅಂದು ಬೆಳಿಗ್ಗೆ ಗುರು ನಾಲ್ವರು ಶಿಷ್ಯರಿಗೆ ಹೋಗಿ ನೆಲೆಸಲು ನಾಲ್ಕು ಊರು ಹಂಚಿದ್ದರು. ಮೂವರಿಗೆ ಸಿಕ್ಕಿದ್ದು ಹೊಳೆದಂಡೆಯ ಊರುಗಳು. ಅಲ್ಲಿ ಬಾವಿಯಿತ್ತು, ನೆರಳಿತ್ತು, ಹೊತ್ತಿಗೆ ಸರಿಯಾಗಿ ಊಟ ತರುವ ಭಕ್ತರಿದ್ದರು. ಅಡಿವೆಪ್ಪನಿಗೆ ಸಿಕ್ಕಿದ್ದು ಗುಡ್ಡದ ಮೇಲಿನ ಊರು. ಅಲ್ಲಿ ಇರಲು ಒಂದು ಗುಡಿಸಲೂ ಇರಲಿಲ್ಲ.

“ಓದು ಅರ್ಧಕ್ಕೆ ಬಿಟ್ಟು ಬಂದವನು ಎಂದು ಹೀಗೆ ಮಾಡಿದಿರಾ? ಮಠದ ಬಾವಿ ಬತ್ತಿದ ವರ್ಷ ಆ ಮೂವರೂ ತಮ್ಮ ತಮ್ಮ ಊರಿಗೆ ಹೋಗಿದ್ದರು. ಹಳ್ಳದಿಂದ ನೀರು ಹೊತ್ತುಕೊಂಡು ಇಲ್ಲೇ ನಿಂತವನು ನಾನು. ಇದ್ದದ್ದು ಇದ್ದ ಹಾಗೆ ಹೇಳಿಬಿಡಿ.”

ಗುರು ನಕ್ಕರು. “ಕೂತುಕೋ. ಒಂದು ಕತೆ ಹೇಳುತ್ತೇನೆ. ಯಾವ ಊರಿನದು ಎಂದು ಕೇಳಬೇಡ. ತಿರುಗಾಡುವಾಗ ಕಂಡ ಊರು, ಹೆಸರು ಮರೆತಿದ್ದೇನೆ. ಆ ಹೆಂಗಸನ್ನು ಮಾತ್ರ ಮರೆತಿಲ್ಲ.”

ಒಬ್ಬ ರೈತನಿದ್ದ. ಅವನ ಹೊಲದ ಕೆಳಗಿನ ಭಾಗ ಕಪ್ಪು ಎರೆ ಮಣ್ಣು, ಮೇಲಿನ ಭಾಗ ಕಲ್ಲುದಿಬ್ಬ. ಎರಡೂ ಕಡೆ ಜೋಳ ಬಿತ್ತುತ್ತಿದ್ದ. ಕೆಳಗೆ ಮುಷ್ಟಿಯಷ್ಟು ದಪ್ಪದ ತೆನೆ ಬರುತ್ತಿತ್ತು. ದಿಬ್ಬದಲ್ಲಿ ಹೆಬ್ಬೆರಳಷ್ಟು ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ಕೊಯ್ಲಿಗೆ ಮುಂಚೆ ಮನೆಯ ಹೆಂಗಸು ಹೊಲದಲ್ಲೆಲ್ಲ ತಿರುಗಿ ಬೀಜಕ್ಕೆಂದು ತೆನೆ ಆರಿಸುತ್ತಾಳೆ. ಎಲ್ಲಕ್ಕಿಂತ ದಪ್ಪನೆಯವನ್ನೇ ಮುರಿಯುತ್ತಾಳೆ. ಅವನ್ನು ಕಟ್ಟು ಕಟ್ಟಿ, ಬೀದಿಗೆ ಕಾಣುವ ಹಾಗೆ ಪಡಸಾಲೆಯ ತೊಲೆಗೆ ತೂಗುಹಾಕುತ್ತಾಳೆ. ತೆನೆಯ ಗಾತ್ರ ನೋಡಿಯೇ ಬೀಗರು ಆ ಮನೆಯ ಅಂತಸ್ತು ಹೇಳುತ್ತಿದ್ದರು.

ಮಳೆ ಮೊದಲಿನ ಹಾಗೆ ಇದ್ದಷ್ಟು ಕಾಲ ಇದೆಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಮಳೆ ದಾರಿ ತಪ್ಪಿತು. ಹಸ್ತ ನಕ್ಷತ್ರದಲ್ಲಿ ಬರಬೇಕಾದದ್ದು ತಿಂಗಳು ತಡವಾಗಿ ಸ್ವಾತಿಯಲ್ಲಿ ಬಂತು. ಬಂದದ್ದು ಒಂದೇ ದಿನ ಸುರಿದು, ಮಣ್ಣನ್ನೂ ಕೊಚ್ಚಿಕೊಂಡು ಹೋಯಿತು. ಚಳಿಗಾಲದಲ್ಲಿ ಚಳಿಯಿಲ್ಲ, ಇಬ್ಬನಿಯಿಲ್ಲ. ವರ್ಷದಿಂದ ವರ್ಷಕ್ಕೆ ದಪ್ಪ ತೆನೆಗಳಲ್ಲಿ ಜೊಳ್ಳು ಹೆಚ್ಚಿತು. ಜನ ದೇವರಿಗೆ ಹರಕೆ ಹೊತ್ತರು. ಬೀಜವನ್ನು ಮಾತ್ರ ಕೆಳಗಿನ ನೆಲದಿಂದಲೇ ಆರಿಸಿದರು, ಮೊದಲಿನ ಹಾಗೆಯೇ.

ಒಂದು ವರ್ಷ ರೈತನ ಹೆಂಡತಿ ಬೀಜ ಆರಿಸಲು ದಿಬ್ಬ ಹತ್ತಿದಳು. ಅಲ್ಲಿ ನೂರಾರು ದಂಟು ಒಣಗಿ ಬಿದ್ದಿದ್ದವು. ಹನ್ನೊಂದು ನಿಂತಿದ್ದವು. ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದಳು. ಕಾಳು ಸಣ್ಣದು, ಆದರೆ ಗಟ್ಟಿ. ಒಂದೂ ಜೊಳ್ಳಿರಲಿಲ್ಲ. ಆ ಕಾಳನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಉಳಿದ ಹತ್ತು ತೆನೆ ತಂದು ತೊಲೆಗೆ ಕಟ್ಟಿದಳು.

ಬೀದಿಯಲ್ಲಿ ಹೋಗುತ್ತಿದ್ದ ಊರ ಗೌಡ ನಿಂತು ನೋಡಿದ. “ಏನು ತಂಗೀ, ಗುಬ್ಬಿಗಳು ಉಪವಾಸ ಅಂತ ಕಟ್ಟಿದೆಯಾ? ಇಷ್ಟರಲ್ಲಿ ಅವುಗಳ ಹೊಟ್ಟೆಯೂ ತುಂಬೋದಿಲ್ಲವಲ್ಲ!”

“ಸಣ್ಣವೇ ಗೌಡ್ರೇ,” ಎಂದಳು ಅವಳು. “ಆದರೆ ನಿಂತಿದ್ದವು.”

ಆ ಬೀಜವನ್ನು ದಿಬ್ಬದಲ್ಲೇ ಬಿತ್ತಿಸಿದಳು. ಮರುವರ್ಷ ಒಂದು ಬುಟ್ಟಿ ತೆನೆ ಸಿಕ್ಕಿತು. ಅದರಲ್ಲಿ ಮತ್ತೆ ಆರಿಸಿದಳು, ಮತ್ತೆ ದಿಬ್ಬದಲ್ಲೇ ಬಿತ್ತಿಸಿದಳು. ಅದರಾಚೆಯ ವರ್ಷ ಎರಡು ಚೀಲ ಜೋಳವಾಯಿತು. ತೆನೆ ದಪ್ಪವಾಗಲಿಲ್ಲ. ನಿಲ್ಲುವ ದಂಟು ಹೆಚ್ಚಿದವು, ಅಷ್ಟೇ. ಅವಳ ಮನೆಯ ತೊಲೆಯಲ್ಲಿ ಪ್ರತಿವರ್ಷವೂ ಸಣ್ಣ ತೆನೆ ತೂಗಿತು, ಪ್ರತಿವರ್ಷವೂ ಊರು ನಕ್ಕಿತು. ಬೀಗರ ಮುಂದೆ ರೈತ ತಲೆ ತಗ್ಗಿಸಿ ಕೂರುತ್ತಿದ್ದ. ಅವಳು ತಗ್ಗಿಸಲಿಲ್ಲ.

ನಾಲ್ಕನೆಯ ವರ್ಷ ಅವಳು, ಕೆಳಗಿನ ನೆಲಕ್ಕೂ ಇದೇ ಬೀಜ ಹಾಕಬೇಕು ಎಂದಳು. ರೈತ ಒಪ್ಪಲಿಲ್ಲ. ನಾಲ್ಕು ಮಕ್ಕಳ ಒಂದು ವರ್ಷದ ರೊಟ್ಟಿ ಆ ನೆಲದಲ್ಲಿತ್ತು.

“ಇದು ಕೈಕೊಟ್ಟರೆ ಮಕ್ಕಳ ತಟ್ಟೆಗೆ ಏನು ಹಾಕುತ್ತೀಯೇ? ನಿನ್ನ ಹಟವನ್ನೇ?”

“ಆ ತೆನೆ ನೀರು ಕುಡಿದು ದಪ್ಪಗಾದದ್ದು. ಇದು ನೀರಿಲ್ಲದೆ ಕಾಳು ಕಟ್ಟಿದ್ದು. ಈ ಸಲ ಮಳೆ ಹೊತ್ತಿಗೆ ಬರುತ್ತದೆ ಎಂದು ನೀವು ಒಂದು ಮಾತು ಹೇಳಿ, ನಿಮ್ಮ ಬೀಜವನ್ನೇ ಹಾಕೋಣ.”

ರೈತ ಆಕಾಶ ನೋಡಿದ. ಬಿತ್ತುವ ಕೂರಿಗೆಯ ಬಟ್ಟಲಿಗೆ ಅವಳ ಬೀಜವನ್ನೇ ಸುರಿದ.

ಆ ವರ್ಷ ಬಿತ್ತನೆಗೆ ಬಂದ ಮಳೆಯೇ ಕೊನೆಯ ಮಳೆ. ಸಂಕ್ರಾಂತಿಯ ಹೊತ್ತಿಗೆ ಊರ ಜೋಳವೆಲ್ಲ ಮೊಳಕಾಲೆತ್ತರದಲ್ಲೇ ಬೆಳ್ಳಗೆ ಒಣಗಿತು. ಒಂದು ಹೊಲ ಮಾತ್ರ, ಕೆಳಗೂ ಮೇಲೂ, ತೆನೆ ಹೊತ್ತು ನಿಂತಿತ್ತು. ರೈತ ಬದುವಿನ ಮೇಲೆ ನಿಂತು ದಾರಿಯಲ್ಲಿ ಹೋಗುವವರಿಗೆಲ್ಲ, ಅವರು ಕೇಳದಿದ್ದರೂ, “ನನ್ನ ಹೆಂಡತಿ ಆರಿಸಿದ ಬೀಜ” ಎಂದು ಕೂಗಿ ಹೇಳುತ್ತಿದ್ದ.

ಗೌಡ ಮನೆಗೆ ಬಂದ. ಪಡಸಾಲೆಯಲ್ಲಿ, ಆ ಸಣ್ಣ ತೆನೆಗಳ ಕೆಳಗೆ ನಿಂತ. “ತಂಗೀ, ಬೀಜ ಬೇಕಾಗಿತ್ತು,” ಎಂದ. ಹಳೆಯ ಮಾತನ್ನು ಅವಳು ಎತ್ತಲಿಲ್ಲ. ಒಂದು ಕಟ್ಟು ಬಿಚ್ಚಿ ಅವನ ಕೈಗಿಟ್ಟಳು.

ಗೌಡನಿಗೆ ಸಂತೋಷ ತಡೆಯಲಾಗಲಿಲ್ಲ. “ನೋಡುತ್ತಿರು, ಇದನ್ನು ನನ್ನ ಒಳ್ಳೆಯ ನೆಲದಲ್ಲೇ ಇಡುತ್ತೇನೆ. ನೀರು ಹೊತ್ತು ಹಾಕಿ ಮಗುವಿನ ಹಾಗೆ ಸಾಕುತ್ತೇನೆ.”

“ತಿನ್ನುವುದಕ್ಕೆ ಎಲ್ಲಿ ಬೇಕಾದರೂ ಬೆಳೆಯಿರಿ ಗೌಡ್ರೇ,” ಎಂದಳು ಅವಳು. “ಬೀಜಕ್ಕೆ ಮಾತ್ರ ದಿಬ್ಬಕ್ಕೇ ಹಾಕಿ. ಸುಖದಲ್ಲಿ ಇಟ್ಟರೆ ನಿಲ್ಲುವುದನ್ನು ಇದೂ ಮರೆತುಬಿಡುತ್ತದೆ.”

ಈಗ ಆ ಊರಿನಲ್ಲಿ ಎಲ್ಲರ ತೊಲೆಗೂ ಸಣ್ಣ ತೆನೆಯೇ. ಬೇರೆ ಊರಿನ ಬೀಗರು ಅದನ್ನು ನೋಡಿ ಮುಖ ಸಿಂಡರಿಸಿದರೆ ಮನೆಯವರು ಮೀಸೆ ತಿರುವಿ, “ದಿಬ್ಬದ್ದು” ಎನ್ನುತ್ತಾರೆ. ಮನೆತನದ ಹೆಸರು ಹೇಳಿದ ಹಾಗೆ.

ಗುರು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ.

“ಆ ಹೆಂಗಸು ಗಟ್ಟಿಗಿತ್ತಿ ಅಜ್ಜಾರೇ, ಒಪ್ಪಿದೆ. ಆದರೆ ನಾನು ಕೇಳಿದ್ದು ನನ್ನ ತಪ್ಪು ಏನು ಎಂದು.”

ಗುರು ಕೋಲೂರಿ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

“ನಿನ್ನ ತಪ್ಪೇನೂ ಇಲ್ಲ ಅಡಿವೆಪ್ಪ, ನಾನು ಬೀಜ ಆರಿಸಿದ್ದೇನೆ.”