ಮಂಜಿನ ಮೇಲೆ ಅಡ್ಡಗೀರು

ಹೊಳೆದಂಡೆಯಲ್ಲಿ ಒಂದು ಗುಡಿಸಲು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಅಚ್ಚೊತ್ತುವುದನ್ನು ಪಂಪಣ್ಣ ಗುರುಗಳು ಅಲ್ಲಿ ಕಲಿಸುತ್ತಿದ್ದರು.

ಗುಡಿಸಲಿಗೆ ಒಂದು ಕಟ್ಟಳೆ. ಬೇಕಾದಷ್ಟು ಅಚ್ಚು ತೆಗೆದ ಮೇಲೆ, ಕೆತ್ತಿದವನೇ ಹಲಗೆಗೆ ಅಡ್ಡಗೀರು ಎಳೆಯಬೇಕು. ಆ ಚಿತ್ರ ಮತ್ತೆ ಹುಟ್ಟಬಾರದು.

ಶಿಷ್ಯ ಕೊಟ್ರೇಶಿ ಒಂದು ಬೆಳಗ್ಗೆ, ಅರೆನಿದ್ದೆಯಲ್ಲೇ, ಹೊಳೆಯ ಮಂಜನ್ನು ಕೆತ್ತಿದ. ಮಂಜಿನೊಳಗೆ ಒಂದು ತೆಪ್ಪ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಅಚ್ಚು ನೋಡಿದವರೆಲ್ಲ ದನಿ ತಗ್ಗಿಸಿ ಮಾತಾಡಿದರು.

ಗೀರುವ ಹೊತ್ತು ಬಂತು. ಅವನ ಕೈ ಏಳಲಿಲ್ಲ. ಇಂಥದ್ದು ಇನ್ನೊಂದು ನನ್ನಿಂದ ಬಂದೀತೇ?

ಹಲಗೆಯನ್ನು ಹಗಲು ಕಂಬಳಿಯೊಳಗೆ ಬಚ್ಚಿಟ್ಟು, ರಾತ್ರಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗತೊಡಗಿದ. ಒಲೆಗೆ ಹಾಕಬೇಕಿದ್ದ ಹಾಳು ಹಲಗೆಯೊಂದಕ್ಕೆ ಗೀರೆಳೆದು ಗುರುಗಳಿಗೆ ತೋರಿಸಿದ.

"ಇದರಲ್ಲಿ ಹೊಳೆ ಎಲ್ಲಪ್ಪಾ?"

"ಬೇಸಿಗೆ ಅಲ್ವಾ ಗುರುಗಳೇ, ಬತ್ತಿದೆ."

ಗುರುಗಳು ನಗಲೂ ಇಲ್ಲ, ಬೈಯಲೂ ಇಲ್ಲ. "ಆಗಲಿ, ಇನ್ನು ಎಮ್ಮೆ ಕೆತ್ತು" ಅಂದರು.

ಎಮ್ಮೆ ಕೆತ್ತಿದರೆ ಅದು ಮಂಜಿನಲ್ಲಿ ತೆಪ್ಪದ ಹಾಗೆ ತೇಲಿತು. ಹುಣಸೆಮರ ಕೆತ್ತಿದ. ಅದೂ ತೇಲಿತು.

"ನಿನ್ನ ಎಮ್ಮೆ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತೋ?" ಅಂದರು ಗುರುಗಳು. "ನನಗೂ ಆಚೆ ದಡಕ್ಕೆ ಹೋಗೋದಿತ್ತು."

ಕೊಟ್ರೇಶಿ ಉಳಿ ಕೆಳಗಿಟ್ಟ. ಒಳಗೆ ಹೋಗಿ, ಬಚ್ಚಿಟ್ಟ ಹಲಗೆ ತಂದು ಅವರ ಮುಂದಿಟ್ಟ.

"ನಿಮಗೆ ಗೊತ್ತಿತ್ತಾ?"

"ದಿನಾ ಬೆಳಗ್ಗೆ ನಿನ್ನ ಕೆನ್ನೆ ಮೇಲೆ ತೆಪ್ಪ ಮೂಡಿರ್ತಿತ್ತಲ್ಲೋ."

"ಗೀರಿದರೆ ಹೋಗಿಬಿಡುತ್ತೆ ಗುರುಗಳೇ. ಆಮೇಲೆ ನನ್ನ ಹತ್ತಿರ ಏನೂ ಇರಲ್ಲ."

ಗುರುಗಳು ಉಳಿ ಕೊಟ್ಟರು. ಕೊಟ್ರೇಶಿ ಕಣ್ಣು ಮುಚ್ಚಿ ಈ ಮೂಲೆಯಿಂದ ಆ ಮೂಲೆಗೆ ಎಳೆದ.

ಗೀರಿದ್ದಕ್ಕೆ ಸಾಕ್ಷಿಯಾಗಿ ಒಂದು ಅಚ್ಚು ತೆಗೆಯುವುದು ವಾಡಿಕೆ. ಗುರುಗಳೇ ಮಸಿ ಸವರಿದರು. ಕಾಗದ ಹೊದಿಸಿ, ಚಮಚದ ಬೆನ್ನಿನಿಂದ ಉಜ್ಜಿ, ಮೆಲ್ಲಗೆ ಎಬ್ಬಿಸಿದರು.

ಮಂಜಿನ ಉದ್ದಕ್ಕೂ ಒಂದು ಬಿಳಿ ಗೆರೆ. ಯಾರೋ ಈಗಷ್ಟೇ ನೀರಿನ ಮೇಲೆ ನಡೆದುಹೋದ ಹಾಗೆ. ತೆಪ್ಪ ಆ ಹೋದವರನ್ನೇ ತಿರುಗಿ ನೋಡುತ್ತಿರುವ ಹಾಗೆ.

ಕೊಟ್ರೇಶಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮಸಿ ಹತ್ತಿದ ಹಲಗೆಯನ್ನು ಮೆಲ್ಲನೆ ಎದೆಗವಚಿಕೊಂಡ.

"ಗುರುಗಳೇ, ಇದು ಮೊದಲಿನದಕ್ಕಿಂತ ಚೆನ್ನಾಗಿದೆ. ಈ ಹಲಗೆ ಇಟ್ಟುಕೊಳ್ಳಲಾ?"

ಗುರುಗಳು ಮತ್ತೆ ಉಳಿ ಚಾಚಿದರು.

"ಇದಕ್ಕೂ ಒಂದು ಗೀರು ಎಳಿ."