ಕಿಡಿ ಡಬ್ಬಿ ಹಾಕಿದ ಜಟ್ಟ

ಕಡಲ ದಂಡೆಯ ಊರೂರಲ್ಲೂ ಪೆದ್ದರಿದ್ದಾರೆ. ಆದರೆ ನಮ್ಮೂರ ಜಟ್ಟನ ಮುಂದೆ ಅವರೆಲ್ಲ ವಕೀಲರು! ಅವನ ಅಬ್ಬಿ ಮಂಕಾಳಿಗೆ ಇದ್ದದ್ದು ಗಂಡ ಬಿಟ್ಟುಹೋದ ಒಂದು ದೋಣಿ, ಈ ಒಬ್ಬ ಮಗ. ದೋಣಿ ಅನ್ನ ಹಾಕುತ್ತಿತ್ತು, ಮಗ ಉಣ್ಣುತ್ತಿದ್ದ.

ಒಂದು ದಿನ ದೋಣಿಯ ಪೆಟ್ರೋಲ್ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು.

“ಇಂಜಿನ್ನಿಗೆ ಬೆಂಕಿ ಹಚ್ಚೂ ಕಿಡಿ ಡಬ್ಬಿ ಸತ್ತಿದೆ ಮಗಾ. ಎಲ್ಲಿಂದಾದರೂ ಒಂದು ತಂದು ಹಾಕು!” ಅಂದಳು ಅಬ್ಬಿ.

ಎಲ್ಲಿಂದಾದರೂ ಅಂದಳಲ್ಲ! ಅಂಗಳದಲ್ಲೇ ಅಬ್ಬಿಯ ಅಣ್ಣ ಹೊನ್ನಪ್ಪ ಮಾವನ ಕಾರಿತ್ತು. ಜಟ್ಟ ಅದರದ್ದನ್ನೇ ಬಿಚ್ಚಿ ದೋಣಿಗೆ ಹಾಕಿ ಕೀಲಿ ತಿರುಗಿಸಿದ.

ಢಂ! ಇಂಜಿನ್ ಪೆಟ್ಟಿಗೆಯ ಮುಚ್ಚಳ ತೆಂಗಿನ ಮರಕ್ಕೆ! ಜಟ್ಟನ ಮೀಸೆ ಗಾಳಿಗೆ!

ಮಾವ ಓಡಿ ಬಂದ. “ಕತ್ತೇ! ಕಾರಿನ ಡಬ್ಬಿಯ ಕಿಡಿ ಹೊರಗೆ ಹಾರ್ತದೆ, ದೋಣಿಯ ಪೆಟ್ಟಿಗೆಯೊಳಗೆ ಪೆಟ್ರೋಲ್ ಆವಿ ತುಂಬಿರ್ತದೆ! ದೋಣಿಗೆ ಬಿಗಿಯಾಗಿ ಮುಚ್ಚಿದ್ದೇ ಆಗಬೇಕು. ದೋಣಿಯದು ಕಾರಿಗೆ ಆಗ್ತದೆ, ಕಾರಿನದು ದೋಣಿಗೆ ಆಗೂದಿಲ್ಲ. ತಂಗೀ, ಇವ ಇನ್ನೂ ಎಡವಟ್ಟು ಮಾಡಿದರೆ ಈ ದೋಣಿ ನನ್ನ ಮನೆಗೆ, ಹೇಳಿದ್ದೇನೆ!”

ದೋಣಿ ಹೋದೀತೆಂದು ಮಂಕಾಳಿ ಅಂದೇ ಪೇಟೆಗೆ ಹೋಗಿ ಎರಡು ದೋಣಿ ಡಬ್ಬಿ ತಂದಳು, ಒಂದು ದೋಣಿಗೆ, ಒಂದು ಅಣ್ಣನ ಕಾರಿಗೆ.

ಬಿಗಿಯಾಗಿ ಮುಚ್ಚಬೇಕಲ್ಲ! ಜಟ್ಟ ಡಬ್ಬಿ ಹಾಕಿ, ಇಂಜಿನ್ನಿಗೆ ಎಷ್ಟು ತೂತಿದೆಯೋ ಅಷ್ಟಕ್ಕೂ ಹತ್ತಿ ತುರುಕಿದ. ಇಂಜಿನ್ ಮೂಗ!

“ಅದಕ್ಕೆ ಉಸಿರು ಬೇಡವೇನೋ ಮುಂಡೇದೆ! ಹತ್ತಿ ಕೀಳು. ಮುಚ್ಚಳ ತೆಗೆದಿಡು, ವಾಸನೆ ಪೂರಾ ಹೋಗಲಿ, ಆಮೇಲೇ ಶುರು ಮಾಡು!” ಅಂದಳು ಅಬ್ಬಿ.

ಮರುದಿನ ಉಳಿದ ದೋಣಿಗಳೆಲ್ಲ ಬಂಗುಡೆ ತುಂಬಿಕೊಂಡು ಬಂದವು. ಜಟ್ಟ ನಿಂತಲ್ಲೇ ನಿಂತ ದೋಣಿಯಲ್ಲಿ ಮೂಗರಳಿಸಿ ಮೂಸುತ್ತ ಕೂತಿದ್ದ.

“ಹೋಗಲಿಲ್ಲವೇನೋ?”

“ವಾಸನೆ ಹೋಗ್ಲಿಲ್ಲ ಅಬ್ಬೀ!”

“ಎಂತ ವಾಸನೆ?”

“ಮೀನಿಂದು!”

ಸುದ್ದಿ ಕೇಳಿದ್ದೇ ಮಾವ ಹಗ್ಗ ಹಿಡಿದು ಬಂದ. ದೋಣಿ ಅಳಿವೆಯ ನೀರಲ್ಲಿ ತೇಲುತ್ತಿತ್ತು. “ಜಟ್ಟಾ, ಕಾರನ್ನು ದೋಣಿ ಪಕ್ಕಕ್ಕೆ ತಾ! ಕಟ್ಟಿ ಎಳ್ಕೊಂಡೇ ಹೋಗ್ತೇನೆ!”

ತಂದ! ಮರಳು ದಾಟಿ, ನೀರಿಗಿಳಿಸಿ, ಸರಿಯಾಗಿ ದೋಣಿಯ ಪಕ್ಕಕ್ಕೇ ತಂದ! ಕಾರು ಗುಳುಗುಳು ಅಂತ ಇಳಿತದ ನೀರಿನ ಜೊತೆ ಕಡಲಿಗೆ ಹೊರಟಿತು. ಜಟ್ಟ ಅದರ ನೆತ್ತಿ ಹತ್ತಿ ಕೂತ.

“ಅಯ್ಯೋ ನನ್ನ ಕಾರು!”

“ಮುಳುಗ್ತಾ ಉಂಟಲ್ಲ ಮಾವ! ದೋಣಿ ಡಬ್ಬಿ ಹಾಕಿದ್ದೇವಲ್ಲ, ತೇಲ್ಬೇಕಿತ್ತು!”

“ತಂಗೀ, ದೋಣಿ ಹೊರಡಿಸೇ! ದೋಣಿ ನಿನ್ನದೇ, ನಿನ್ನದೇ! ಕಾರು ಹಿಡಿಯೇ!”

ಮಂಕಾಳಿ ಸೆರಗು ಸಿಕ್ಕಿಸಿ ದೋಣಿಗೆ ಹಾರಿದಳು. ನಗು ತಡೆಯಲಾಗದೆ ಬಿಕ್ಕುತ್ತ ಕೀಲಿಗೆ ಕೈ ಹಾಕಿದಳು.

ಕಾರಿನ ನೆತ್ತಿಯಿಂದ ಜಟ್ಟ ಕೂಗಿದ: “ಅಬ್ಬೀ, ಶುರು ಮಾಡ್ಬೇಡ! ಮೀನಿನ ವಾಸನೆ ಇನ್ನೂ ಹೋಗ್ಲಿಲ್ಲ!”